ಬೊಜ್ಜದ ಮನೆಯಲ್ಲಿ ಆಡಿದ ಮಾತು

ಒಂದು ವರ್ಷ ಸಜೆ ಎಂದು ತೀರ್ಪಾದ ದಿನ ಅಶೋಕ ಮಧ್ಯಾಹ್ನ ಎರಡೂವರೆಗೆ ಉಪ್ಪುಂದದ ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕುಳಿತ. ತಾಯಿ ಸೀತು ಅನ್ನ ಬಡಿಸಿ, ಬೂತಾಯಿ ಮೀನಿನ ಸಾರು ಹಾಕಿದಳು. ಅವನು ಮುಳ್ಳು ಬಿಡಿಸಿ ಬಿಡಿಸಿ ಬದಿಗಿಟ್ಟು ತಿನ್ನತೊಡಗಿದ. ಅರ್ಧ ಊಟ ಮುಗಿದ ಮೇಲೆ ಸೀತು ಕೇಳಿದಳು.

"ಎಂತ ಆಯ್ತ್ ಮಗಾ?"

"ಒಂದ್ ವರ್ಷ ಅಂದ್ರ್."

"ಇನ್ನೂ ಒಂದ್ ವರ್ಷ ಕೋರ್ಟಿಗ್ ತಿರ್ಗುದಾ?"

"ಅಲ್ಲ ಅಬ್ಬಿ. ಜೈಲ್. ಮೂವತ್ತ್ ದಿನ ಟೈಮ್ ಕೊಟ್ಟಿರ್. ಅಷ್ಟ್ರೊಳ್ಗೆ ಅಪೀಲ್ ಹಾಕ್ಕ್ ಅಂಬ್ರ್."

"ದಂಡ ಕಟ್ರೆ ಆತಿಲ್ಯಾ?"

"ದಂಡವೂ ಇತ್ತ್, ಜೈಲೂ ಇತ್ತ್," ಎಂದು ಅಶೋಕ ಸಾರಿಗೆ ಕೈ ತೋರಿಸಿದ. ಸೀತು ಇನ್ನೊಂದು ಸೌಟು ಹಾಕಿದಳು. ಜಗಲಿಯಲ್ಲಿ ಕುಳಿತಿದ್ದ ಅವನ ಅಪ್ಪ ಬಚ್ಚನಿಗೆ ಎಲ್ಲ ಕೇಳಿಸಿತ್ತು. ಎಪ್ಪತ್ತೆರಡರ ಮುದುಕ ಎದ್ದು ಒಳಗೆ ಬರಲಿಲ್ಲ.

ನಾಲ್ಕು ವರ್ಷದ ಹಿಂದಿನ ಸಂಗತಿ. ಅಶೋಕ ತನ್ನ ಟೆಂಪೋದಲ್ಲಿ ಮೀನಿನ ಪೆಟ್ಟಿಗೆ ಹೇರಿಕೊಂಡು ಬೆಳಗ್ಗಿನ ಜಾವ ಕುಂದಾಪುರದ ಮೀನು ಹರಾಜಿಗೆ, ಏಲಂಗೆ ಹೊರಟಿದ್ದ. ಕಿರಿಮಂಜೇಶ್ವರದಲ್ಲಿ ಹೆದ್ದಾರಿ ದಾಟುತ್ತಿದ್ದ ಕರಿಯ ಎಂಬ ಅರವತ್ತಾರರ ಮನುಷ್ಯ ಟೆಂಪೋಗೆ ಸಿಕ್ಕಿದ. ಅಶೋಕನೇ ಎತ್ತಿ ಆಸ್ಪತ್ರೆಗೆ ಸೇರಿಸಿದ, ಜೀವ ಉಳಿಯಲಿಲ್ಲ. "ಒಮ್ಮೆಲೇ ಎದ್ರಿಗ್ ಬಂದ್ರ್, ಪಾಪ ಇವ ಎಂತ ಮಾಡುದ್" ಎಂದು ಮನೆಯವರೆಲ್ಲ ಕೇಳಿದವರಿಗೆಲ್ಲ ಹೇಳಿದರು. ಆ ಬೆಳಗ್ಗಿನ ಕಥೆ ಅಶೋಕನಿಗಿಂತ ಮನೆಯವರ ಬಾಯಲ್ಲೇ ಚೆನ್ನಾಗಿ ಬರುತ್ತಿತ್ತು. ಅವನು ಮಾತ್ರ ಯಾರಿಗೂ ಏನೂ ಹೇಳಿದವನಲ್ಲ.

ಪೊಲೀಸು, ಜಾಮೀನು ಎಲ್ಲ ಮುಗಿಯುವಷ್ಟರಲ್ಲಿ ಕರಿಯನ ಬೊಜ್ಜದ ದಿನ ಬಂತು. ತಮ್ಮಿಂದ ಒಂದು ಸಾವಾದರೆ, ತಪ್ಪಿರಲಿ ಇಲ್ಲದಿರಲಿ, ಉತ್ತರಕ್ರಿಯೆಯ ದಿನ ಆ ಮನೆಗೆ ಹೋಗಿ ಕೈಮುಗಿದು ಬರಬೇಕು ಎಂಬುದು ಬಚ್ಚ ಕಂಡುಕೊಂಡು ಬಂದ ಕ್ರಮ. ಕಡಲಿನಲ್ಲಿ ದೋಣಿಗೆ ದೋಣಿ ಬಡಿದು ಜನ ಹೋದಾಗಲೂ ಅವನ ಅಪ್ಪ ಹೀಗೇ ಮಾಡಿದ್ದ. ಅಡಿಕೆ, ವೀಳ್ಯ, ಎರಡು ತೆಂಗಿನಕಾಯಿ ಹಿಡಿದು ಬಚ್ಚ ಮಗನನ್ನೂ ಕರೆದುಕೊಂಡು ಹೋದ. ನೆರೆದ ಜನರ ಮುಂದೆ "ನಮ್ಮಿಂದ ತಪ್ಪಾಯ್ತ್" ಎಂದ. ಆ ಮನೆಯವರು ಎಲೆ ಹಾಕಿ ಕೂರಿಸಿದರು. ಅಪ್ಪ ಮಗ ಇಬ್ಬರೂ ಬೊಜ್ಜದ ಊಟ ಉಂಡು ಬಂದರು. ಉಂಡ ಮೇಲೆ ವೈರ ಇಲ್ಲ ಎಂದು ಲೆಕ್ಕ.

ಕೋರ್ಟಿಗೆ ಈ ಲೆಕ್ಕ ಗೊತ್ತಿಲ್ಲ. ಕರಿಯನ ಮಗ ಉಲ್ಲಾಸ್ ಸಾಕ್ಷಿಕಟ್ಟೆಯಲ್ಲಿ, ಕೇಳಿದ್ದಕ್ಕೆ ಇದ್ದದ್ದು ಹೇಳಿದ: ಆರೋಪಿಯೂ ಅವರ ಅಪ್ಪನೂ ಮನೆಗೆ ಬಂದು ತಪ್ಪು ಒಪ್ಪಿಕೊಂಡರು. ಆಮೇಲೆ ಅಶೋಕನನ್ನು ನಿಲ್ಲಿಸಿ, ಸಾಕ್ಷಿ ಹೇಳಿದ್ದು ನಿಜವೋ ಸುಳ್ಳೋ ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಸುಳ್ಳು ಅನ್ನಬೇಕು ಎಂದು ಅವನ ವಕೀಲರು ಪಾಠ ಮಾಡಿ ಕಳಿಸಿದ್ದರು. ಒಂಬತ್ತು ಪ್ರಶ್ನೆಗೆ ಸುಳ್ಳು ಅಂದವನು ಬೊಜ್ಜದ ಮನೆಯ ಪ್ರಶ್ನೆಗೆ ಹಿಂದೆ ತಿರುಗಿ ನೋಡಿದ. ಕೊನೆಯ ಬೆಂಚಿನಲ್ಲಿ ಬಚ್ಚ ಕುಳಿತಿದ್ದ. "ನಿಜ," ಎಂದುಬಿಟ್ಟ.

ಸಂಜೆ ಗೇರುಬೀಜದ ಫ್ಯಾಕ್ಟರಿಯಿಂದ ಬಂದ ಅವನ ಹೆಂಡತಿ ದಿವ್ಯಾ ಸುದ್ದಿ ಕೇಳಿ ಚೀಲವನ್ನು ಕೆಳಗಿಡುವುದನ್ನೇ ಮರೆತಳು. ಅಳಲಿಲ್ಲ. ಪಿಯುಸಿ ಓದುವ ಮಗಳು ನವ್ಯಶ್ರೀಯ ಹತ್ತಿರ ಕ್ಯಾಲೆಂಡರ್ ತರಿಸಿ ಮೂವತ್ತನೆಯ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿಸಿದಳು. ಅಷ್ಟು ಮಾಡಿ ಬಟ್ಟೆ ಒಗೆಯಲು ಹೋದಳು.

ಮೊದಲಿನ ವಕೀಲರು ಹುಷಾರಿಲ್ಲದೆ ಕೆಲಸ ಬಿಟ್ಟಿದ್ದರು. ಫ್ಯಾಕ್ಟರಿಯಲ್ಲಿ ಜೊತೆಗೆ ಕೂರುವವಳೊಬ್ಬಳು ಕುಂದಾಪುರದ ಚೇತನಾ ಎಂಬ ವಕೀಲರ ಹೆಸರು ಹೇಳಿದಳು. ಫೀಸಿಗೆ ದಿವ್ಯಾ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದಳು. ಎಂಟನೆಯ ದಿನ ಗಂಡ ಹೆಂಡತಿ ಬಸ್ಸು ಹತ್ತಿದರು. ಇಪ್ಪತ್ತು ವರ್ಷ ಅದೇ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದವನು ಈಗ ಬಸ್ಸಿನ ಕಿಟಕಿಯ ಬದಿ ಕುಳಿತು ಟಿಕೆಟನ್ನು ಮಡಚುತ್ತಾ ಬಿಚ್ಚುತ್ತಾ ಹೋದ. ಟೆಂಪೋವನ್ನು ಗಣಪ ಎಂಬ ಬಾಡಿಗೆ ಡ್ರೈವರ್‌ಗೆ ಕೊಟ್ಟಾಗಿತ್ತು.

ಚೇತನಾ ನಲವತ್ತರ ಹೆಂಗಸು, ಮಾತು ಕತ್ತರಿಸಿದ ಹಾಗೆ. ತೀರ್ಪನ್ನು ಪೂರ್ತಿ ಓದಿ, ಹನ್ನೊಂದನೆಯ ಪುಟಕ್ಕೆ ಬೆರಳಿಟ್ಟರು.

"ಕಣ್ಣಾರೆ ಕಂಡವರು ಅಂತ ಇಬ್ಬರನ್ನು ಹಾಕಿದ್ದಾರೆ. ಇಬ್ಬರೂ ಶಬ್ದ ಕೇಳಿ ಆಮೇಲೆ ಓಡಿ ಬಂದವರು. ಈ ತೀರ್ಪು ನಿಂತಿರುವುದೇ ನೀವು ಅವರ ಮನೆಗೆ ಹೋಗಿ ಆಡಿದ ಮಾತಿನ ಮೇಲೆ. ಯಾರು ಹೋಗಿ ಅಂದದ್ದು?"

"ನನ್ನ ಮಾವ," ಎಂದಳು ದಿವ್ಯಾ.

"ಅಪೀಲಿನಲ್ಲಿ ಎರಡು ವಿಷಯ ಬರೀಬೇಕು. ಒಂದು, ಆ ಮಾತು ಊರಿನ ಕ್ರಮಕ್ಕೆ ಆಡಿದ್ದು, ಒಪ್ಪಿಗೆ ಅಲ್ಲ. ಎರಡು, ದಾಟುವ ಜಾಗ ಅಲ್ಲದಲ್ಲಿ, ಕತ್ತಲೆಯಲ್ಲಿ, ಆ ಮನುಷ್ಯ ನೋಡದೆ ದಾಟಿದ. ತಪ್ಪು ಅವರದ್ದೇ."

"ಬರೀನಿ ಮೇಡಂ. ಇದ್ದದ್ದೇ ಅಲ್ದಾ?" ಎಂದಳು ದಿವ್ಯಾ.

ಚೇತನಾ ವಕಾಲತ್ತಿನ ಕಾಗದವನ್ನು ಅಶೋಕನ ಕಡೆ ಸರಿಸಿದರು. ಅವನು ಕೈಗೆತ್ತಿಕೊಂಡ ಪೆನ್ನನ್ನು ಪುನಃ ಮೇಜಿನ ಮೇಲಿಟ್ಟ.

"ಅಪ್ಪಯ್ಯನ ಹತ್ರ ಒಂದ್ ಮಾತ್ ಕೇಂಡ್ ಬತ್ತೆ."

"ಶಿಕ್ಷೆ ಆದದ್ದು ನಿಮಗೋ, ನಿಮ್ಮ ಅಪ್ಪಯ್ಯನಿಗೋ?" ಎಂದರು ಚೇತನಾ. ಅಶೋಕ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ.

ಅವತ್ತು ಸಂಜೆಯ ಗಂಜಿಗೆ ಕುಳಿತಾಗ ಜಗಳ ಎದ್ದಿತು. ಅಪೀಲಿನಲ್ಲಿ ಏನು ಬರೆಯುತ್ತಾರೆ ಎಂದು ದಿವ್ಯಾ ಹೇಳಿದ್ದೇ ತಡ, ಬಚ್ಚ ಬಟ್ಟಲು ದೂಡಿದ.

"ಸತ್ತವ್ರ ಮೇಲ್ ತಪ್ಪ್ ಹಾಕುಕೆ ಆತಿಲ್ಲೆ. ಅವ್ರ ಮನಿಲ್ ಕೂಕಂಡ್ ಬೊಜ್ಜದ ಅನ್ನ ಉಂಡ್ ಬಂದವ್ ನಾವ್."

"ಅನ್ನ ಉಂಡದ್ದ್ ನೀವ್. ಜೈಲ್ ಗಂಜಿ ಉಂಬುದ್ ಇವ್ರಾ?"

"ಮಾತ್ ಆಡಿದ್ರೆ ಹೋಯ್ತ್, ಮುತ್ತ್ ಒಡ್ದ್ರೆ ಹೋಯ್ತ್."

"ಮಾತ್ ಆಡಿದ್ದೂ ನೀವೇ ಮಾವ. ಇವ್ರ್ ಅವತ್ತ್ ಬಾಯೇ ಬಿಡ್ಲಿಲ್ಲೆ. ನೀವ್ ಹೋಯ್ದೇ ಇದ್ದಿದ್ರೆ ಇವತ್ತ್ ಈ ಮನಿಗ್ ಈ ಗತಿ ಬತ್ತಿತ್ತಾ?"

ಅದು ಎಲ್ಲರ ಮನಸ್ಸಿನಲ್ಲಿದ್ದ ಮಾತೇ. ಬಾಯಿಂದ ಹೊರಗೆ ಬಿದ್ದದ್ದು ಮೊದಲ ಸಲ. ಸೀತು ನಡುವೆ ಬಂದು, "ಸಾಕ್ ಮಾರಾಯ್ತಿ, ಗಂಜಿ ಆರ್ತ್. ಉಂಡಾದ್ ಮೇಲ್ ಜಗ್ಳ ಮಾಡಿ," ಎಂದು ಬಟ್ಟಲನ್ನು ಪುನಃ ಗಂಡನ ಮುಂದೆ ಸರಿಸಿದಳು. ಉಂಡಾದ ಮೇಲೆ ಯಾರಿಗೂ ಜಗಳದ ತ್ರಾಣ ಇರಲಿಲ್ಲ.

"ಹೋಯ್, ನೀನ್ ಎಂತ ಅಂತೆ?" ಎಂದು ಸೀತು ಮಗನನ್ನು ಕೇಳಿದಳು.

"ನಂಗೆಂತ ಗೊತ್ತಿತ್ತ್," ಎಂದ ಅಶೋಕ.

ದಿನಗಳು ಹೋದವು. ಸೀತು ಬೆಳಗ್ಗೆ ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತಿದಳು, "ಮಗನಿಗೆ ಎಂತ ಆಯ್ತಂಬ್ರ್?" ಎಂದು ಕೇಳಿದ ಮನೆಗಳನ್ನು ಮರುದಿನ ಬಿಟ್ಟಳು. ಹಾಗೆ ಬಿಟ್ಟು ಬಿಟ್ಟು ಅವಳ ದಾರಿ ಅರ್ಧವಾಯಿತು, ಮೀನು ಬುಟ್ಟಿಯಲ್ಲೇ ಉಳಿದು ಮನೆಯಲ್ಲಿ ದಿನಾ ಮೀನೇ ಮೀನು. ಅಶೋಕ ಕೊಟ್ಟಿಗೆಯ ಹೆಂಚು ಸರಿ ಮಾಡಿದ, ಬಾವಿಯ ಹಗ್ಗ ಬದಲಿಸಿದ, ಸೈಕಲ್ಲಿಗೆ ಎಣ್ಣೆ ಬಿಟ್ಟ, ನಾಲ್ಕು ದಿನದ ಕೆಲಸ ಒಂದು ದಿನದಲ್ಲಿ ಮುಗಿಸಿ ಉಳಿದ ಹೊತ್ತು ಸುಮ್ಮನೆ ಕುಳಿತ. ದಿವ್ಯಾ ಅವನಿಗೆಂದು ಎರಡು ಹೊಸ ಲುಂಗಿ, ಒಂದು ದಪ್ಪ ಹೊದಿಕೆ ತಂದಿಟ್ಟಳು. ಜೈಲಿಗೆ ಎಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಈ ಮನೆಯವರು ಸೋತು, ಸಾಯದೆ, ಹೊತ್ತು ಹೊತ್ತಿಗೆ ಉಣ್ಣುತ್ತಾ ಇದ್ದರು.

ಹತ್ತೊಂಬತ್ತನೆಯ ದಿನ ಬಚ್ಚ ಮೊಮ್ಮಗಳನ್ನು ಜಗಲಿಗೆ ಕರೆದ.

"ಆ ಹನ್ನೊಂದನೇ ಪುಟ ಓದ್ ಕಾಂಬ."

ನವ್ಯಶ್ರೀ ಓದಿದಳು. ಆರೋಪಿಯು ತನ್ನ ತಂದೆಯೊಂದಿಗೆ ಮೃತರ ಮನೆಗೆ ತೆರಳಿ, ಸಾರ್ವಜನಿಕರ ಸಮಕ್ಷಮ ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುವುದು ಸಾಬೀತಾಗಿರುತ್ತದೆ.

"ಇನ್ನೊಂದ್ ಸಲ ಓದ್."

ಅವಳು ಪುನಃ ಓದಿದಳು.

"ನಾನ್ ಹೇಳದ್ದ್ ಹೀಂಗಲ್ಲ ಹೆಣೆ."

"ಮತ್ತೆ ಹ್ಯಾಂಗ್ ಹೇಳಿದ್ರಿ ಅಜ್ಜ?"

"ನಿಮ್ ಕಣ್ಣೀರಿಗ್ ನಾವ್ ಕಾರಣ ಆಯ್ತ್, ನಮ್ಮಿಂದ ತಪ್ಪಾಯ್ತ್ ಅಂದೆ."

"ಇಲ್ಲೂ ಅದೇ ಅಲ್ದಾ ಬರ್ದದ್ದ್?"

ಎರಡೂ ಒಂದೇ ಅಲ್ಲ ಎಂದು ಬಚ್ಚನಿಗೆ ಗೊತ್ತಿತ್ತು. ಹದಿನೇಳರ ಹುಡುಗಿಗೆ ಅದನ್ನು ಹೇಳಿಕೊಡಲಾಗದವನು ಜಡ್ಜರಿಗೆ ಹೇಗೆ ಹೇಳಿಯಾನು? ನವ್ಯಶ್ರೀ ಕಾಗದ ಮಡಚಿ ಇಡುತ್ತಾ, "ಅಪ್ಪ ಹೋದ್ರೆ ನನ್ನ ಪರೀಕ್ಷೆ ಹೊತ್ತಿಗ್ ಇರ್ತಿಲ್ಲೆ," ಎಂದಳು. ದೂರಿನ ಹಾಗೂ ಅಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಮುದುಕನಿಗೆ ಸೊಸೆಯ ಬೈಗುಳಕ್ಕಿಂತ ಇದೇ ಹೆಚ್ಚು ತಾಗಿತು.

ಇಪ್ಪತ್ತೆರಡನೆಯ ದಿನ ಬೆಳಗ್ಗೆ ಅವನು ಬಿಳಿ ಅಂಗಿ ತೊಟ್ಟು ನಿಂತ.

"ನಾನ್ ಕಿರಿಮಂಜೇಶ್ವರಕ್ ಹೋಯ್ ಬತ್ತೆ. ಬೊಜ್ಜದ ಮನಿಲ್ ಆಡಿದ್ ಮಾತ್. ಅಲ್ಲೇ ಹೋಯಿ ಹಿಂದ್ ತಕಂಬ್ಕ್. ಮತ್ತೆ ನಿಮ್ಮ್ ವಕೀಲ್ರ್ ಎಂತ ಬೇಕಾರೂ ಬರ್ಕಣ್ಲಿ."

ದಿವ್ಯಾಳಿಗೆ ದಿಗಿಲಾಯಿತು. "ಎಂತ ಹೇಳ್ತ್ರಿ ಮಾವ? ಒಂದ್ ಸಲ ಹೋಯಿ ಆದ್ದೇ ಸಾಲ್ದಾ? ಅಪೀಲ್ ಹಾಕ್ತ್ ಅಂದೇಳಿ ನೀವೇ ಹೋಯಿ ಸುದ್ದಿ ಮುಟ್ಸುದಾ? ಅವ್ರ್ ಎದ್ರ್ ನಿಂತ್ರೆ?"

"ನಿಂತ್ರೆ ನಿಲ್ಲಲಿ. ಹೇಳ್ದೇ ಬರ್ಸುದ್ ಕಳ್ಳ್ ಕೆಲ್ಸ."

ಸೀತು ಬುಟ್ಟಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ನಡೀನಿ, ನಾನೂ ಬತ್ತೆ," ಎಂದಳು. ಅಶೋಕ ಬಾವಿಕಟ್ಟೆಯ ಹತ್ತಿರ ನಿಂತು ಅವರು ಹೋಗುವುದನ್ನು ನೋಡಿದ.

ಕರಿಯನ ಮನೆ ಹೆದ್ದಾರಿಯಿಂದ ಕೂಗಳತೆಯ ದೂರ. ಅವನ ಹೆಂಡತಿ ಸುಂದರಿ ಅಂಗಳದಲ್ಲಿ ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದಳು. ಇವರನ್ನು ಕಂಡು ಗುರುತು ಹಿಡಿದಳು. "ಬನ್ನಿ, ಕೂಕಣಿ. ಆಸ್ರಿಗ್ ಎಂತ ಕೊಡ್ಲಿ?" ಎಂದು ಎದ್ದಳು.

"ಮಾತ್ ಮುಗ್ದ್ ಮೇಲ್ ಕೊಡುದಾರೆ ಕೊಡಿ," ಎಂದ ಬಚ್ಚ. ಕೂರಲಿಲ್ಲ. ಮನೆಯೊಳಗಿಂದ ಉಲ್ಲಾಸ್ ಬಂದು ಬಾಗಿಲಲ್ಲಿ ನಿಂತ. ನಾವುಂದದಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಹೊರಡುವ ತಯಾರಿಯಲ್ಲಿದ್ದ. ಬಚ್ಚ ಅಡ್ಡಮಾತಿಲ್ಲದೆ ಹೇಳಿದ: ಮಗನಿಗೆ ಒಂದು ವರ್ಷ ಸಜೆ ಆಗಿದೆ, ಅಪೀಲು ಹಾಕಬೇಕಂತೆ, ಹಾಕಬೇಕಾದರೆ ತಪ್ಪು ನಮ್ಮದಲ್ಲ ಎಂದು ಬರೆಯಬೇಕಂತೆ.

"ಅವತ್ತ್ ಆಡಿದ್ ಮಾತ್ ಹಿಂದ್ ತಕಂಬುಕೆ ಬಂದೆ."

"ಹಂಗಾರೆ ತಪ್ಪ್ ಯಾರದ್ದ್? ನನ್ನ ಅಪ್ಪಂದಾ?" ಉಲ್ಲಾಸನ ದನಿ ಏರಿತು. "ನಾನ್ ಸುಳ್ಳ್ ಸಾಕ್ಷಿ ಹೇಳ್ಲಿಲ್ಲೆ. ನೀವ್ ಹೇಳದ್ದನ್ನೇ ಹೇಳ್ದೆ. ಈಗಳ್ ಬೇಕಾದಾಂಗ್ ತಿರ್ಗ್ಸುದಾ?"

"ನೀ ಅಂಗ್ಡಿಗ್ ಹೋಯ್," ಎಂದಳು ಸುಂದರಿ. ಅವನು ಬೈಕ್ ಹತ್ತಿ ಹೋದ. ಆ ಸದ್ದು ಅಡಗುವವರೆಗೆ ಅವಳು ಕಡ್ಡಿ ತೆಗೆಯುತ್ತಲೇ ಇದ್ದಳು. ಆಮೇಲೆ ಸೀತುವಿನ ಮುಖ ನೋಡಿ ಮಾತಾಡಿದಳು.

"ಅವ್ರಿಗ್ ಕಿವ್ಡ್, ಕೆಮಿ ಕೇಂತಿರ್ಲಿಲ್ಲೆ. ದಿನಾ ಬೆಳ್ಕಾದ್ ಮೇಲೇ ಹಾಲಿಗ್ ಹೋಪುದ್. ಅವತ್ತ್ ಮನಿಗ್ ನೆಂಟ್ರ್ ಬಂದಿದ್ರ್, ಬೇಗ ಚಾ ಆಯ್ಕಿತ್ತ್. ಕತ್ಲಿಗೇ ನಾನೇ ಎಬ್ಬಿಸಿ ಕಳ್ಸದ್ದ್. ಕೆಮಿ ಕೇಣ್ದವ್ರನ್ನ್ ಕತ್ಲಿಗ್ ರಸ್ತಿಗ್ ದೂಡಿ ಕೊಂದ್ಲ್ ಅಂದೇಳಿ ನಾದ್ನಿದೀರ್ ಹತ್ತ್ ದಿನ ನನ್ನ್ ತಿಂದ್ರ್. ಬೊಜ್ಜದ ದಿನ ಎಲ್ಲರ್ ಎದ್ರಿಗ್ ನೀವ್ ಬಂದ್ ತಪ್ಪ್ ನಮ್ದ್ ಅಂದ್ರಿ. ಅವ್ರೆಲ್ಲ ಬಾಯ್ ಮುಚ್ಚಿದ್ರ್. ಆ ಮಾತ್ ಹಿಡ್ಕಂಡೇ ಇಷ್ಟ್ ವರ್ಷ ಬದ್ಕಿದೆ ನಾನ್."

ಬಚ್ಚನಿಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಮಗನ ಮುಖ ನೆನೆದು ನಿಂತ.

"ತಕಂಡ್ ಹೋಯ್ನಿ," ಎಂದಳು ಸುಂದರಿ. "ನಿಮ್ಮ್ ಮಗ ಬದ್ಕಿದ್ದ. ನಮ್ಮನಿಯವ್ರ್ ಹೋಯಿ ಆಯ್ತ್. ಕೆಮಿ ಸುದ್ದಿ ಮಾತ್ರ ಅಪೀಲ್ ಪೇಪರಿಗ್ ಹೋಪುದ್ ಬ್ಯಾಡ. ಕೋರ್ಟಿಲ್ ಯಾರೂ ಕೇಣ್ಲಿಲ್ಲೆ, ನಾವೂ ಹೇಳ್ಲಿಲ್ಲೆ."

ಅವಳು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು. ಸೀತು ಕುಡಿದಳು. ಬಚ್ಚ ಲೋಟ ಎತ್ತಿ ಬಾಯಿಗೆ ಹಿಡಿದವನು ಹಾಗೇ ಕೆಳಗಿಟ್ಟ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತು ಬಂದರು.

ಮನೆಯಲ್ಲಿ ಬಾಗಿಲಿಗೇ ಬಂದು ನಿಂತ ಸೊಸೆಗೆ, "ತಕಂಡ್ ಬಂದೆ. ಬರ್ಸಿ," ಎಂದನೇ ಹೊರತು ಬೇರೇನೂ ಹೇಳಲಿಲ್ಲ.

ಅಶೋಕ ವಕಾಲತ್ತಿಗೆ ಸಹಿ ಹಾಕಿದ. ಇಪ್ಪತ್ತಾರನೆಯ ದಿನ ಅಪೀಲು ದಾಖಲಾಯಿತು. ಶುಕ್ರವಾರ ಚೇತನಾ ಫೋನ್ ಮಾಡಿ, ಅಪೀಲಿನ ವಿಚಾರಣೆ ಮುಗಿಯುವವರೆಗೆ ಶಿಕ್ಷೆ ನಿಲ್ಲಿಸಿದ್ದಾರೆ, ಹನ್ನೊಂದನೆಯ ಪುಟ ಹೆಚ್ಚು ದಿನ ನಿಲ್ಲುವುದಿಲ್ಲ ಎಂದರು. ದಿವ್ಯಾ ಫೋನ್ ಇಟ್ಟವಳು ನೆಲದ ಮೇಲೆ ಕುಳಿತು, ಇಷ್ಟು ದಿನದ ಮೇಲೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಭಾನುವಾರ ಮಧ್ಯಾಹ್ನ ಅವಳೇ ಬಂಗಡೆ ಹುರಿದಳು. ಗಂಜಿಯ ಜಗಳದ ಮೇಲೆ ಐದೂ ಜನ ಒಟ್ಟಿಗೆ ಕುಳಿತದ್ದು ಅದೇ ಮೊದಲು. ಮಾವನ ಬಟ್ಟಲಿಗೆ ದೊಡ್ಡ ಮೀನನ್ನೇ ಹಾಕಿ, "ಅವ್ರ್ ಎಂತ ಬೈದ್ರ್ ಅವತ್ತ್? ಒಂದ್ ಮಾತೂ ಹೇಳ್ಲಿಲ್ಲೆ ನೀವ್," ಎಂದಳು. ಸೀತುವಿಗೆ ತಡೆಯಲಾಗಲಿಲ್ಲ.

"ಬಯ್ಲಿಲ್ಲೆ ಮಾರಾಯ್ತಿ. ಪಾಪದ್ ಹೆಂಗ್ಸ್. ಗಂಡನ್ನ ಕತ್ಲಿಗೇ ಹಾಲಿಗ್ ಕಳ್ಸದ್ದ್ ತನ್ದೇ ತಪ್ಪ್ ಅಂದೇಳಿ ಕೂತಿತ್ತ್. ಆ ಮನ್ಷಂಗ್ ಕೆಮಿ ಕೇಂತಿರ್ಲಿಲ್ಲೆ ಅಂಬ್ರ್."

ಅಶೋಕನ ಕೈ ಬಟ್ಟಲಲ್ಲೇ ನಿಂತಿತು.

"ಕೆಮಿ ಕೇಂತಿರ್ಲಿಲ್ಯಾ?"

"ಹೌದಂಬ್ರ್."

"ನಾನ್ ಹಾರ್ನ್ ಹಾಕಿದ್ದೆ," ಎಂದ ಅಶೋಕ. ಅವನೇ ಮುಂದುವರಿಸಿದ. "ದೂರ್ದಿಂದ್ಲೇ ಕಂಡಿದ್ದೆ. ರಸ್ತಿ ಬದಿಲ್ ನಿಂತಿದ್ರ್, ಕೈಲ್ ಪಾತ್ರಿ ಇತ್ತ್. ಹಾರ್ನ್ ಹಾಕ್ದೆ. ಕೇಂಡ್ ನಿಲ್ತ್ರ್ ಅಂದ್ಕಂಡೆ. ಏಲಂಗ್ ಹೊತ್ತಾತಿತ್ತ್. ಬ್ರೇಕಿಗ್ ಕಾಲ್ ಇಡ್ಲಿಲ್ಲೆ."

"ಒಮ್ಮೆಲೇ ಎದ್ರಿಗ್ ಬಂದ್ರ್ ಅಂದ್ರಿ!" ಎಂದಳು ದಿವ್ಯಾ.

"ನಾನ್ ಹಾಂಗ್ ಹೇಳ್ಲಿಲ್ಲೆ. ನೀವೆಲ್ಲ ಹೇಳಿದ್ರಿ."

ಬಚ್ಚ ಎದ್ದ. ಕೈ ತೊಳೆದು ಬಂದು ಬಿಳಿ ಅಂಗಿಗೆ ಕೈ ಹಾಕಿದ.

"ಎಲ್ಲಿಗ್ ಅಜ್ಜ?" ನವ್ಯಶ್ರೀ ಕೇಳಿದಳು.

"ನಾನ್ ಅವತ್ತ್ ಹೇಳದ್ದ್ ಸಮಾ ಇತ್ತ್. ಸಮಾ ಇದ್ದ್ ಮಾತನ್ನ್ ಹಿಂದ್ ತಕಂಡ್, ತಪ್ಪನ್ನ್ ಆ ಹೆಂಗ್ಸಿನ್ ತಲಿ ಮೇಲ್ ಇಟ್ ಬಂದೆ."

ದಿವ್ಯಾ ಎಂಜಲು ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು. "ಹೋಯ್ನಿ. ಹೋಯಿ ಹೇಳಿ. 'ಕಂಡಿದ್ದ, ಕಂಡೂ ನಿಲ್ಸ್ಲಿಲ್ಲೆ' ಅಂದೇಳಿ ಹೇಳಿ. ಅವ್ರ್ ಮಗ ಸುಮ್ಮನ್ ಇರ್ತ್ರಾ? ಲುಂಗಿ, ಹೊದ್ಕಿ ಎಲ್ಲ ತಂದಿಟ್ಟಿದ್ದೆ ನಾನ್. ಅದನ್ನೂ ಹಿಡ್ಕಂಡೇ ಹೋಯ್ನಿ."

ಬಚ್ಚ ಸೊಸೆಯ ಜೊತೆ ವಾದಿಸಲಿಲ್ಲ. ಮಗನ ಕಡೆ ತಿರುಗಿದ.

"ಅವತ್ತ್ ನಾನ್ ನಿನ್ನ್ ಕೇಣ್ದೇ ಕರ್ಕಂಡ್ ಹೋದೆ. ಇವತ್ತ್ ಕೇಂತೆ. ಹೋಯ್ಕಾ, ಬ್ಯಾಡ್ದಾ?"

ಅಶೋಕ ಮಗಳನ್ನು ನೋಡಿದ. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅವನು ಕಣ್ಣು ತೆಗೆದು ಬಟ್ಟಲಿಗೆ ಹಾಕಿದ.

"ಬ್ಯಾಡ ಅಪ್ಪಯ್ಯ."

ಬಚ್ಚ ಅಂಗಿ ತೆಗೆದು ಮೊಳೆಗೆ ಸಿಕ್ಕಿಸಿದ. ಬಟ್ಟಲ ಮುಂದೆ ಬಂದು ಕುಳಿತು, ಬಂಗಡೆಯನ್ನು ಎತ್ತಿ ಸೀತುವಿನ ಬಟ್ಟಲಿಗೆ ಹಾಕಿ, ಬರೀ ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿ ಉಂಡ. ಮನೆಯಲ್ಲಿ ಸಾವಾದಾಗ ಬಿಡುವ ಹಾಗೆ, ಅಂದಿನಿಂದ ಹದಿಮೂರು ದಿನ ಅವನು ಮೀನು ಮುಟ್ಟಲಿಲ್ಲ. ಸೀತು ಅವನೊಬ್ಬನಿಗೆ ಹುರುಳಿ ಸಾರು ಮಾಡಿ ಬಡಿಸಿದಳು.